ಕೈ ಜಾರಿದ ತಟ್ಟೆ

ಡಿಸೆಂಬರ್ ಇಪ್ಪತ್ಮೂರು. ಬೀದರಿನ ಚಳಿ
ಮಫ್ಲರಿನೊಳಗೂ ಕೈ ಹಾಕಿ ಕಿವಿ ಹಿಂಡುವ ಹೊತ್ತು.
ಜೇಬಿನಲ್ಲಿ ಏಳುನೂರು ರೂಪಾಯಿ, ತಲೆಯಲ್ಲಿ ಇಬ್ಬರು:
ಮಂಗಲಪೇಟೆಯ ಸುವಾರ್ತಮ್ಮ ಟೀಚರು,
ಅವರ ಮೊಮ್ಮಗ ಎಲೀಷ.

ಟೀಚರು ಓದುವವರು. ಹಾಗಂದರೆ ಸಾಲದು.
ಲೈಬ್ರರಿ ಪುಸ್ತಕದಲ್ಲಿ ಅಚ್ಚಿನ ತಪ್ಪು ಕಂಡರೆ
ಪೆನ್ಸಿಲ್ಲಿನಿಂದ ಸಣ್ಣಗೆ ತಿದ್ದಿ,
ಅಂಚಿನಲ್ಲೊಂದು ಚುಕ್ಕಿ ಇಟ್ಟು ವಾಪಸು ಮಾಡುವವರು.
ಕೌಂಟರಿನಲ್ಲಿ ಕೂತವನು ನಾನು.
ದಂಡ ಹಾಕಬೇಕಿತ್ತು, ಹಾಕಲಿಲ್ಲ.
ಆ ಚುಕ್ಕಿಗಳ ಬೆನ್ನು ಹತ್ತಿಯೇ
ಒತ್ತು ಯಾವುದು ದೀರ್ಘ ಯಾವುದು ಕಲಿತೆ,
ನಲವತ್ತು ದಾಟಿದ ಮೇಲೆ.

ಈ ವರ್ಷ ಅವರ ಕಾರ್ಡಿನ ಮೇಲೆ
ಒಂದೂ ಮುದ್ರೆ ಬಿದ್ದಿಲ್ಲ.
'ಕಣ್ಣಿನ ನರ ಒಣಗ್ಯಾದಂತ' ಅಂದಿದ್ದರು,
'ಹಾಲು ಒಡೀತು' ಅನ್ನುವಷ್ಟೇ ದನಿಯಲ್ಲಿ.

ಚೌಬಾರಾದ ಹತ್ತಿರ ಪುಸ್ತಕದಂಗಡಿಯಲ್ಲಿ
ದಪ್ಪನೆಯ ಕಾದಂಬರಿಯೊಂದನ್ನು ಎತ್ತಿ, ಮೂಸಿ,
ಮತ್ತೆ ಅಲ್ಲೇ ಇಟ್ಟೆ.
ಹಲ್ಲಿಲ್ಲದ ಬಾಯಿಗೆ ಯಾಕೆ ಹುರಿಗಡಲೆ.
ಹುಡುಗನಿಗೆ ಹನ್ನೆರಡು ಬಣ್ಣದ ಡಬ್ಬಿ?
ಅವನಿಗೆ ಕರೀದೊಂದಿದ್ದರೆ ಆಯಿತು,
ಉಳಿದ ಹನ್ನೊಂದು ತಂಗಿಯ ಪಾಲು.
ಲೈಟ್ ಬಿಲ್ಲಿನ ಬೆನ್ನು, ಗುಳಿಗೆಯ ಡಬ್ಬಿ, ಚರ್ಚಿನ ಚೀಟಿ,
ಎಲ್ಲದರ ಮೇಲೂ ಅವನ ಕರೀ ಕುದುರೆಗಳು ಓಡುತ್ತವೆ.

ಸಿದ್ದಿ ತಾಲೀಮಿನ ಓಣಿಯಲ್ಲಿ ಟಕಟಕ ಸದ್ದು.
ರವೂಫ್ ಸಾಬರು ಕೋಟೆಯ ಮಣ್ಣನ್ನು ಚಿಟಿಕೆ ಹಿಡಿದು
ನಾಲಿಗೆಯ ತುದಿಗೆ ಮುಟ್ಟಿಸಿ, ಕಣ್ಣು ಮುಚ್ಚಿ,
'ಇದು ಅಲ್ಲ' ಅಂತ ಉಗಿದರು.
ನನಗೆ ಹೂದಾನಿ ತೋರಿಸಿದರು, ಹಂಸ ತೋರಿಸಿದರು.
ಬೆಲೆ ಕೇಳಿ ನಾನು ಹಂಸವನ್ನು
ಮಲಗಿದ ಕೂಸಿನ ಹಾಗೆ ಕೆಳಗಿಟ್ಟೆ.

'ಎಷ್ಟದ ನಿಮ್ಮಂತ್ಯಾಕ?'
'ಏಳುನೂರು.'
ನಕ್ಕು, ಚಹಾ ಹೇಳಿದರು.

ಆಗ ಕಂಡಿತು. ಅವರ ಮಣೆಯ ಕುಂಟು ಕಾಲಿನ ಕೆಳಗೆ
ಸಿಕ್ಕಿಸಿಟ್ಟ ಒಂದು ತಟ್ಟೆ.
ಉಳಿ ಓಡಾಡಿದೆ, ಬೆಳ್ಳಿ ಇನ್ನೂ ಕೂತಿಲ್ಲ.
ಬಳ್ಳಿಯ ತುಂಬ ಬರೀ ಗೀರು, ಬರೀ ತಗ್ಗು.
'ಅದು ಬ್ಯಾಡ್ರಿ, ನನ್ನ ಮಗನ ಕೈ ಜಾರ್ಯಾದ.
ಮೂರನೇ ಎಲಿ ನೋಡ್ರಿ, ಬಳ್ಳಿ ಬಿಟ್ಟು ಓಡ್ಯಾದ.
ಬೆಳ್ಳಿ ಹಾಕಿದ್ರ ಬೆಳ್ಳೀನೂ ದಂಡ.'
ಹೆಬ್ಬೆರಳು ಆಡಿಸಿದೆ.
ಬಳ್ಳಿ ಬೆರಳಿಗೆ ಸಿಕ್ಕಿತು.

ದುಡ್ಡು ಬೇಡವೆಂದರು. ಇನ್ನೂರು ತುರುಕಿದೆ.
ಹೊರಬರುವಾಗ ನೋಡಿದರೆ,
ಮಣೆಯ ಕೆಳಗೆ ಹಳೇ ಚಪ್ಪಲಿ ಸಿಕ್ಕಿಸುತ್ತಿದ್ದರು.

ಹಬ್ಬದ ದಿನ ಟೀಚರ ಮನೆಯಲ್ಲಿ ಕರ್ಜಿಕಾಯಿಯ ವಾಸನೆ,
ಕಿಟಕಿಯಲ್ಲಿ ಕಾಗದದ ನಕ್ಷತ್ರ, ಒಂದು ಮೂಲೆ ಹರಿದದ್ದು.
ತಟ್ಟೆಯನ್ನು ಮಡಿಲಲ್ಲಿಟ್ಟೆ. ಏನೂ ಹೇಳಲಿಲ್ಲ.
ಬಲಗೈಯ ತೋರುಬೆರಳು ಎಡದಿಂದ ಹೊರಟಿತು,
ಸಾಲು ಹಿಡಿದು ಹೋಗುವ ಹಾಗೆ.
ಹೂ ಅಂದರು. ಮೊಗ್ಗು ಅಂದರು. ಎಲೆ. ಎಲೆ.
ಬೆರಳು ನಿಂತಿತು. ಹಿಂದೆ ಬಂತು. ಮತ್ತೆ ಹೋಯಿತು.
ವರ್ಷದ ಮೇಲೆ ಮೊದಲ ಸಲ
ಆ ಹುಬ್ಬು ಮೇಲೇರಿದ್ದು ನೋಡಿದೆ.

'ಇಲ್ಲಿ ತಪ್ಪ್ಯಾದ' ಅಂದರು,
ಎಲ್ಲ ಹಲ್ಲೂ ಕಾಣುವ ಹಾಗೆ.

ಹುಡುಗನ ಉಡುಗೊರೆ ಎಲ್ಲಿ ಅಂತ
ಯಾರೂ ಕೇಳಲಿಲ್ಲ, ಅವನೂ ಕೇಳಲಿಲ್ಲ.
ಸುತ್ತಿ ತಂದ ಕಾಗದವನ್ನೇ ತಟ್ಟೆಯ ಮೇಲೆ ಹಾಸಿ
ಪೆನ್ಸಿಲ್ಲನ್ನು ಅಡ್ಡ ಮಲಗಿಸಿ ತಿಕ್ಕತೊಡಗಿದ.
ಕಾಗದ ಕಪ್ಪಾಗುತ್ತ ಬಂತು,
ಬಳ್ಳಿ ಮಾತ್ರ ಬೆಳ್ಳಗೆ ಉಳಿಯಿತು,
ಉಳಿ ಹೋದಲ್ಲೆಲ್ಲ, ಓಡಿಹೋದ ಮೂರನೇ ಎಲೆಯವರೆಗೆ.

'ಆ ತಪ್ಪು ಬಂತೇನೋ?'
'ಬಂತಜ್ಜಿ.'
'ಅಂಚಿನಾಗ ಒಂದು ಚುಕ್ಕಿ ಇಡು.'

ಇಟ್ಟ.
ಸ್ವಲ್ಪ ದೊಡ್ಡದೇ ಆಯಿತು.